ಒಂಟಿ ಇಲಿಯ ಪಂಜರ

18 ಜುಲೈ 2024, ಗುರುವಾರ

ಇವತ್ತು ಗಡ್ಡೆ ಅಳೆಯುವ ದಿನ. ಬೆಳಿಗ್ಗೆಯೇ ಅನಿಮಲ್ ಹೌಸ್‌ಗೆ ಹೋದೆ. ಎಲ್ಲವೂ ಬಾಲ್ಬ್-ಸಿ ಎಂಬ ಬಿಳಿಯ ತಳಿಯ ಹೆಣ್ಣಿಲಿಗಳು, ಒಂದೇ ವಯಸ್ಸಿನವು. ಒಂದೇ ದಿನ, ಒಂದೇ ಲೆಕ್ಕದಲ್ಲಿ 4ಟಿ1 ಎಂಬ ಸ್ತನ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದ್ದೆ. ಕತ್ತಿನ ಹಿಂದಿನ ಚರ್ಮ ಹಿಡಿದು ಗಡ್ಡೆಗೆ ಅಳತೆಯ ಕ್ಯಾಲಿಪರ್ ಇಟ್ಟೆ: ಉದ್ದ 7 ಮಿ.ಮೀ., ಅಗಲ 5. ಅಗಲದ ವರ್ಗವನ್ನು ಉದ್ದದಿಂದ ಗುಣಿಸಿ ಅರ್ಧ ಮಾಡಿದರೆ 87.5 ಘನ ಮಿ.ಮೀ. ಹೆಚ್ಚುಕಮ್ಮಿ ಎಲ್ಲವೂ ಹೀಗೇ. ಕೊನೆಯ ಪಂಜರದ್ದು ಮಾತ್ರ 8, 6. ಅಂದರೆ 144.

ಆ ಪಂಜರದಲ್ಲಿರುವುದು ಒಂದೇ ಇಲಿ. ಜೊತೆಯವನ್ನು ಕಳೆದ ಗುರುವಾರ ಅಂಗಾಂಶ ಪರೀಕ್ಷೆಗೆಂದು ಒಯ್ದಿದ್ದೆವು. ಬೇರೆ ಪಂಜರಗಳಲ್ಲಿ ಐದೈದು ಒಂದರ ಮೇಲೊಂದು ಬಿದ್ದು ಗುಡ್ಡೆಯಾಗಿ ಮಲಗಿದ್ದರೆ, ಇದು ಮೂಲೆಯಲ್ಲಿ ಮುದುಡಿ, ರೋಮ ಉಬ್ಬಿಸಿಕೊಂಡು ಕೂತಿತ್ತು.

ಒಂದು ಇಲಿಯಿಂದ ತೀರ್ಮಾನಕ್ಕೆ ಬರುವಂತಿಲ್ಲ, ನಿಜ. ಆದರೂ ದಿನವಿಡೀ ಅದೇ ತಲೆಯಲ್ಲಿತ್ತು: ಮೈಗೆ ಮೈ ತಾಗಿಸಿ ಬೆಚ್ಚಗಿರಲು ಜೊತೆಯಿಲ್ಲದೆ, ಚಳಿಗೇ ಗಡ್ಡೆ ಹೆಚ್ಚು ಬೆಳೆಯಿತೇ? ಕೋಣೆಯ ಉಷ್ಣತೆ 22 ಡಿಗ್ರಿ, ನಮಗೆ ಹಿತ. ಇಲಿಗೆ ಹಿತವಾಗಿರುವುದು 30ರ ಆಸುಪಾಸು. ಇಪ್ಪತ್ತು ಚಿಲ್ಲರೆ ಗ್ರಾಂ ತೂಗುವ ಮೈ, ತೂಕಕ್ಕೆ ಹೋಲಿಸಿದರೆ ಚರ್ಮವೇ ಜಾಸ್ತಿ. ಶಾಖ ಸೋರುತ್ತಲೇ ಇರುತ್ತದೆ. ಅದನ್ನು ತುಂಬಿಕೊಡಲು ಹೆಗಲ ನಡುವಿನ ಕಂದು ಕೊಬ್ಬು ಸಕ್ಕರೆಯನ್ನೂ ಕೊಬ್ಬನ್ನೂ ಉರಿಸುತ್ತಿರಬೇಕು. ಹಾಗೆ ಉರಿಸಲು ಹೇಳುವುದು ನಾರ್‌ಅಡ್ರಿನಲಿನ್ ಎಂಬ ಒತ್ತಡದ ರಾಸಾಯನಿಕ. ಅದೇ ನಾರ್‌ಅಡ್ರಿನಲಿನ್ ಗಡ್ಡೆಯ ಮೇಲೆ ಬೀಳಬೇಕಾದ, ರೋಗದ ವಿರುದ್ಧ ಹೋರಾಡುವ ಟಿ ಕೋಶಗಳ ಕೈಯನ್ನೂ ಕಟ್ಟಿಹಾಕಬಲ್ಲದು. 2013ರಲ್ಲಿ ಅಮೆರಿಕದ ರಾಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು ಇಲಿಗಳನ್ನು 30 ಡಿಗ್ರಿಯಲ್ಲಿ ಸಾಕಿದಾಗ ಗಡ್ಡೆಗಳು ನಿಧಾನವಾಗಿ ಬೆಳೆದವು, ಅವುಗಳೊಳಗೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಸಿಡಿ8 ಟಿ ಕೋಶಗಳೂ ಹೆಚ್ಚಿದ್ದವು.

ಹಾಗಾದರೆ ಚಳಿ ಕೆಟ್ಟದ್ದೆನ್ನೋಣವೇ? 2022ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು 4 ಡಿಗ್ರಿಯಲ್ಲಿ ಕಂಡದ್ದು ತದ್ವಿರುದ್ಧ. ಅಷ್ಟು ಚಳಿಯಲ್ಲಿ ಕಂದು ಕೊಬ್ಬು ಗ್ಲೂಕೋಸನ್ನೆಲ್ಲ ಎಳೆದುಕೊಂಡು, ಸಕ್ಕರೆಯನ್ನೇ ನೆಚ್ಚಿದ ಗಡ್ಡೆ ಸೊರಗಿತ್ತು. ಎರಡನ್ನೂ ಓದಿದ ಮೇಲೆ ನನಗನ್ನಿಸುವುದು ಇಷ್ಟು: 22 ಡಿಗ್ರಿ ಎನ್ನುವುದು ಯಾವ ಪರಿಣಾಮವೂ ಇಲ್ಲದ ಸಾದಾ ಉಷ್ಣತೆಯಲ್ಲ. ನಾನು ಔಷಧಿಯ ಡೋಸನ್ನು ಮೈಕ್ರೋಲೀಟರ್ ಲೆಕ್ಕದಲ್ಲಿ ಬರೆಯುತ್ತೇನೆ, ಒಂದು ಪಂಜರದಲ್ಲಿ ಎಷ್ಟು ಇಲಿ ಅಂತ ಇದುವರೆಗೆ ಬರೆದೇ ಇರಲಿಲ್ಲ. ಬೇಸರವಾಯಿತು.

ಒಂಟಿ ಇಲಿಗೆ ಗೂಡು ಕಟ್ಟಲು ಕಾಗದದ ಪಟ್ಟಿ ಹಾಕಿ ರಿಜಿಸ್ಟರಿನಲ್ಲಿ ಬರೆದೆ: "11ರಿಂದ ಒಂಟಿ. 18ರಿಂದ ಗೂಡಿನ ಕಾಗದ. ಸರಾಸರಿಗೆ ಸೇರಿಸಬಾರದು." ಸಂಜೆ ಹೋಗಿ ನೋಡಿದರೆ ಪಟ್ಟಿಯನ್ನೆಲ್ಲ ಚೂರುಚೂರು ಮಾಡಿ ಅದರೊಳಗೆ ಹುದುಗಿಕೊಂಡಿತ್ತು. ಮೂಗಷ್ಟೇ ಹೊರಗಿತ್ತು.