ಹಳೇ ನಾಣ್ಯಕ್ಕೆ ಎಷ್ಟು ಬೆಲೆ ಬರುತ್ತೆ?

"ಸರ, ಅಜ್ಜನ ಪೆಟ್ಟಿಗ್ಯಾಗ ಸಿಕ್ಕಾವು. ಭಾಳ ಹಳೇವು. ಎಷ್ಟು ಬರ್ತದ?"

ರಾಯಚೂರಿನಲ್ಲಿದ್ದು ನಾಣ್ಯ ಕೂಡಿಡುವ ನನಗೆ ಜನ ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ. ಮೊಬೈಲಿಗೆ ಒಂದು ಫೋಟೋ ಬರುತ್ತದೆ, ಅದರ ಬೆನ್ನಿಗೇ ಈ ಮಾತು. ನೇರವಾಗಿ ಹೇಳಿಬಿಡುತ್ತೇನೆ: ಹಳೇದಾದ ಮಾತ್ರಕ್ಕೆ ನಾಣ್ಯ ಅಪರೂಪ ಆಗುವುದಿಲ್ಲ. ಅಂಥವು ಇವತ್ತಿಗೆ ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಬೇಕು ಅನ್ನುವವರು ಎಷ್ಟು ಜನ. ನೋಡಬೇಕಾದ್ದು ಇದನ್ನು.

ನಮ್ಮ ಕಡೆ ಪೆಟ್ಟಿಗೆ ತೆರೆದರೆ ಸಾಮಾನ್ಯವಾಗಿ ಕಾಣುವುದು ಚಾರ್ಮಿನಾರ್ ಚಿತ್ರದ ಬೆಳ್ಳಿ ರೂಪಾಯಿ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು ಅಲ್ವಾ? ಆ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು, ಹಾಲಿ ಸಿಕ್ಕಾ ಅನ್ನುತ್ತಿದ್ದರು. ತುಂಗಭದ್ರೆ ದಾಟಿ ಬಳ್ಳಾರಿಗೆ ಹೋದರೆ ಮದ್ರಾಸ್ ಪ್ರಾಂತ್ಯ, ಅಲ್ಲಿ ಬ್ರಿಟಿಷರ ರೂಪಾಯಿ. ನಿಜಾಮರ ಏಳು ರೂಪಾಯಿಗೆ ಅಲ್ಲಿ ಹೆಚ್ಚೂಕಡಿಮೆ ಆರು. ಚಾರ್ಮಿನಾರ್ ರೂಪಾಯಿ ನೋಡಿ ಮೈಸೂರಿನ ಕಡೆಯವರು ಬೆರಗಾಗಬಹುದು. ನಮ್ಮಲ್ಲಿ ಮಾತ್ರ ದೀಪಾವಳಿಯ ಲಕ್ಷ್ಮೀಪೂಜೆಗೆ ಎಷ್ಟೋ ಮನೆಗಳಲ್ಲಿ ಅದೇ ಹೊರಗೆ ಬರುತ್ತದೆ. ಆದರೂ ತಾತ್ಸಾರ ಮಾಡಬೇಡಿ. ಚಾರ್ಮಿನಾರಿನ ಬಾಗಿಲಲ್ಲಿ ಅರಬಿ ಲಿಪಿಯ ಒಂದು ಅಕ್ಷರ ಇರುತ್ತದೆ. ನಿಜಾಮ ಮೆಹಬೂಬ್ ಅಲಿ ಖಾನರ ಕಾಲದ್ದಾದರೆ ಮೀಮ್, 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದ್ದಾದರೆ ಐನ್. ಉಸ್ಮಾನರ ಮೊದಮೊದಲ ನಾಣ್ಯಗಳಲ್ಲಿ ಆ ಐನ್ ಸ್ವಲ್ಪ ಗಿಡ್ಡ. ಭೂತಗನ್ನಡಿ ಹಿಡಿದು ಸಂಗ್ರಾಹಕರು ಹುಡುಕುವುದು ಇಂಥದ್ದನ್ನೇ.

ಈಗ ವಿಜಯನಗರದ ತಾಮ್ರದ ಕಾಸು ತಗೊಳ್ಳಿ. 500 ವರ್ಷ ಹಳೇದು. ಸಂತೆ ವ್ಯಾಪಾರಕ್ಕೆ ರಾಶಿ ರಾಶಿ ಹೊಡೆದದ್ದು, ಕಳೆದು ಮಣ್ಣು ಸೇರಿ ಈಗ ಮತ್ತೆ ಸಿಗುವುದೂ ಬಹಳ. ಹಾಗಾಗಿ ಸವೆದ ಕಾಸು ಇವತ್ತಿಗೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೃಷ್ಣದೇವರಾಯನ ಬಾಲಕೃಷ್ಣನ ಚಿತ್ರದ ವರಹ ದುಬಾರಿ, ನಿಜ. ಆದರೆ ಅದರಲ್ಲಿ ಸುಮಾರು 3.4 ಗ್ರಾಂ ಚಿನ್ನ ಇದೆ ಅನ್ನುವುದನ್ನು ಮರೆಯಬಾರದು. ದುಬಾರಿ ಬೇರೆ, ಅಪರೂಪ ಬೇರೆ.

ಅಪರೂಪ ಅಂದರೆ ಏನು ಅಂತ ತಿಳಿಯಬೇಕಾದರೆ ಆರನೇ ಜಾರ್ಜ್ ದೊರೆಯ ಎರಡು ಬೆಳ್ಳಿ ರೂಪಾಯಿ ಪಕ್ಕಪಕ್ಕ ಇಡಬೇಕು. ಒಂದು 1938, ಇನ್ನೊಂದು 1939. ಅದೇ ಮುಖ, ಅದೇ 11.66 ಗ್ರಾಂ ತೂಕ. 1938ರದ್ದು ಸಲೀಸಾಗಿ ಸಿಗುತ್ತದೆ. 1939ರದ್ದನ್ನು ಜನ ವರ್ಷಗಟ್ಟಲೆ ಹುಡುಕುತ್ತಾರೆ. ಟಂಕಸಾಲೆಯಲ್ಲಿ ಅದೂ ಲಕ್ಷಗಟ್ಟಲೆಯೇ ತಯಾರಾಗಿತ್ತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. 1940ರಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ನೂರಕ್ಕೆ ಸುಮಾರು 92 ಭಾಗದಿಂದ 50ಕ್ಕೆ ಇಳಿಸಿತು. 1939ರ ಒಳ್ಳೆ ಬೆಳ್ಳಿಯ ನಾಣ್ಯಗಳಲ್ಲಿ ಹೆಚ್ಚಿನವು ಕರಗಿಹೋದವು. ಎಷ್ಟು ಹೊಡೆದರು ಅನ್ನುವ ಲೆಕ್ಕ ಪುಸ್ತಕದಲ್ಲಿ ಸಿಗುತ್ತದೆ, ಎಷ್ಟು ಕರಗಿತು ಅನ್ನುವುದನ್ನು ಯಾರೂ ಬರೆದಿಡಲಿಲ್ಲ. ಈ ಹವ್ಯಾಸದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಇದೇ. ಇಂಥ ನಾಣ್ಯ ಕೈಗೆ ಬಂದರೂ ತಕ್ಷಣ ಹಿಗ್ಗಬೇಡಿ. 8ನ್ನು ತಿದ್ದಿ 9 ಮಾಡಿದವು, ಎರಕ ಹೊಯ್ದ ನಕಲಿಗಳು ಮಾರುಕಟ್ಟೆಯಲ್ಲಿ ಜಾಸ್ತಿ ಇವೆ.

ನಾಣ್ಯದ ಮೇಲಿನ ಇಸವಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯನ್ನು ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಇಸವಿಯಲ್ಲೇ ಹೊಡೆದರು. ನಿಜವಾದ ವರ್ಷ ಗುರುತಿಸಲು ಸಣ್ಣ ಚುಕ್ಕಿಗಳನ್ನು ಇಟ್ಟರು. ನೋಡಲು ಒಂದೇ ರೂಪಾಯಿ, ಚುಕ್ಕಿಗಳ ಲೆಕ್ಕದ ಮೇಲೆ ಬೆಲೆ ಬೇರೆ ಬೇರೆ.

ರಾಮ, ಹನುಮಂತನ ಚಿತ್ರ ಇದ್ದು "ಈಸ್ಟ್ ಇಂಡಿಯಾ ಕಂಪನಿ 1818" ಅಂತ ಬರೆದಿರುವ ನಾಣ್ಯಗಳ ಫೋಟೋ ದಯವಿಟ್ಟು ಕಳಿಸಬೇಡಿ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. 2012ರ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಅನ್ನುವುದೂ ಸುಮ್ನೆ ಹಬ್ಬಿಸಿದ ಸುದ್ದಿ. ತನ್ನ ಹೆಸರು ಹೇಳಿ ಹಳೇ ನಾಣ್ಯ, ನೋಟಿನ ವ್ಯವಹಾರಕ್ಕೆ ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. "ನಿಮ್ಮ ನಾಣ್ಯ ಹತ್ತು ಲಕ್ಷಕ್ಕೆ ಕೊಳ್ಳುತ್ತೇವೆ, ಮೊದಲು ನೋಂದಣಿ ಫೀ ಹಾಕಿ" ಅಂದರೆ ಫೋನ್ ಇಟ್ಟುಬಿಡಿ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಹಬ್ಬ ಬಂತೆಂದರೆ ಹುಣಸೆಹಣ್ಣು, ಬೂದಿ ಹಾಕಿ ನಾಣ್ಯಗಳನ್ನು ಫಳಫಳ ಹೊಳೆಯುವಂತೆ ತಿಕ್ಕುತ್ತಾರೆ. ಹೊಳಪಿನ ಜೊತೆ ಅಕ್ಷರದ ಅಂಚೂ ಸವೆಯುತ್ತದೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದರೂ ಅಷ್ಟೇ. ಎಷ್ಟೇ ಅಪರೂಪದ ನಾಣ್ಯವಾಗಲಿ, ಆಮೇಲೆ ಬೆಲೆ ಬಿದ್ದುಹೋಗುತ್ತದೆ. ಇನ್ನು ಬೆಳ್ಳಿ ಅಂಗಡಿಗೆ ಒಯ್ದರೆ ತೂಕದ ಮೇಲೆ ಕೊಳ್ಳುತ್ತಾರೆ, ಕರಗಿಸುತ್ತಾರೆ. 1939ರದ್ದೂ ಅವರಿಗೆ ಬರೀ ಬೆಳ್ಳಿಯೇ.

ಆದ್ದರಿಂದ ಫೋಟೋ ಕಳಿಸುವ ಮುಂಚೆ ನಾಣ್ಯ ತೊಳೆಯಬೇಡಿ. ಹಗಲು ಬೆಳಕಿನಲ್ಲಿ ಎರಡೂ ಬದಿ, ಅಂಚು ಕಾಣುವಂತೆ ತೆಗೆಯಿರಿ. ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗಿಸಿ ಗ್ರಾಂ ಬರೆಯಿರಿ. ಇಷ್ಟಿದ್ದರೆ ನನಗೆ ತಿಳಿದಷ್ಟನ್ನು ಖಂಡಿತ ಹೇಳುತ್ತೇನೆ.