ಲೈಬ್ರರಿ ಕಟ್ಟಿದರೂ ಟೆಕ್‌ನಲ್ಲಿ ಹಿಂದೆ ಬೀಳುವುದು ಯಾಕೆ?

ಸಿವಿಲೈಸೇಶನ್ 4 ಎಂಬ, ನಾಗರಿಕತೆ ಕಟ್ಟುವ ಕಂಪ್ಯೂಟರ್ ಆಟ ಆಡುವ ಗೆಳೆಯರು ನನ್ನನ್ನು ಪದೇ ಪದೇ ಕೇಳುವುದು ಇದನ್ನೇ: "ಎಲ್ಲಾ ಊರಲ್ಲೂ ಲೈಬ್ರರಿ ಕಟ್ಟಿದ್ದೀನಿ, ಕಾಟೇಜ್ ಹಾಕಿದ್ದೀನಿ. ಆದರೂ ಎಐಗಳು ನಾಲ್ಕೈದು ಟೆಕ್ ಮುಂದೆ ಇರ್ತಾವೆ. ಇನ್ನೇನು ಕಟ್ಟಲಿ?"

ಎಐ ಅಂದರೆ ಕಂಪ್ಯೂಟರ್ ಆಡಿಸುವ ಎದುರಾಳಿ ನಾಯಕರು. ಟೆಕ್ ಅಂದರೆ ಬರವಣಿಗೆ, ಕಬ್ಬಿಣದ ಕೆಲಸದಂಥ ವಿದ್ಯೆಗಳು; ಲೈಬ್ರರಿ, ಕಾಟೇಜ್ ಎಲ್ಲಾ ಅವುಗಳ ರಿಸರ್ಚ್‌ಗೆ ನೆರವಾಗುವಂಥವು. ಕಟ್ಟುವುದನ್ನು ಸ್ವಲ್ಪ ನಿಲ್ಲಿಸಿ. ವ್ಯಾಪಾರಕ್ಕೆ ಇಳಿಯಿರಿ: ನಿಮ್ಮ ಟೆಕ್ ಕೊಟ್ಟು ಅವರದ್ದು ತೆಗೆದುಕೊಳ್ಳಿ.

ನಾನು ಈಗಲೂ 2007ರ ಬಿಯಾಂಡ್ ದ ಸ್ವೋರ್ಡ್ ಎಂಬ ವಿಸ್ತರಣೆ ಹಾಕಿಕೊಂಡೇ ಆಡುತ್ತೇನೆ, ಇಲ್ಲಿ ಹೇಳುವ ಲೆಕ್ಕವೆಲ್ಲಾ ಅದರದ್ದು. ಮೇಲಿನ ಲೆವೆಲ್‌ಗಳಲ್ಲಿ ಎಐಗೆ ಆಟವೇ ರಿಯಾಯಿತಿ ಕೊಟ್ಟಿರುತ್ತದೆ. ನಾವೊಬ್ಬರೇ ಎಲ್ಲವನ್ನೂ ರಿಸರ್ಚ್ ಮಾಡಿ ಅವರನ್ನು ಹಿಂದೆ ಹಾಕುವುದು ಆಗದ ಮಾತು. ಹಾಗಾಗಿ ಮುಂದಿನ ಟೆಕ್ ಆರಿಸುವಾಗ ನನಗೆ ಯಾವುದು ಬೇಕು ಎಂದು ಮೊದಲು ನೋಡುವುದಿಲ್ಲ. ಬೇರೆ ಯಾರ ಹತ್ತಿರವೂ ಯಾವುದು ಇಲ್ಲ ಎಂದು ನೋಡುತ್ತೇನೆ. ಸಂತೆಗೆ ಎಲ್ಲರೂ ಟೊಮೆಟೊ ತಂದ ದಿನ ಟೊಮೆಟೊ ಕೇಳುವವರು ಇರುವುದಿಲ್ಲ, ಅಲ್ವಾ?

ಐರನ್ ವರ್ಕಿಂಗ್ ಅಂಥ ಟೊಮೆಟೊ. ಎಐಗಳು ಬೇಗನೆ ಅದರ ಕಡೆ ಓಡುತ್ತವೆ. ಈಸ್ಥೆಟಿಕ್ಸ್ (ಸೌಂದರ್ಯಶಾಸ್ತ್ರ) ಕಡೆ ಮಾತ್ರ ಸಾಮಾನ್ಯವಾಗಿ ತಲೆ ಹಾಕುವುದಿಲ್ಲ. ನನ್ನದೊಂದು ಆಟದಲ್ಲಿ ರೈಟಿಂಗ್ ಮುಗಿಸಿ ನೇರ ಈಸ್ಥೆಟಿಕ್ಸ್‌ಗೆ ಹೋದೆ. ಅದರ ಮೂಲ ಬೆಲೆ 300 ಬೀಕರ್ (ಆಟದಲ್ಲಿ ರಿಸರ್ಚ್ ಅಳೆಯುವ ಲೆಕ್ಕ). ಎಐ ನಾಯಕರಲ್ಲಿ ಒಬ್ಬನಾದ ಮಾಲಿಯ ದೊರೆ ಮಾನ್ಸಾ ಮೂಸಾ ಹತ್ತಿರ ಆಲ್ಫಾಬೆಟ್ ಇತ್ತು, ಅದೂ 300. ಈಸ್ಥೆಟಿಕ್ಸ್ ಕೊಟ್ಟು ಅದನ್ನು ತೆಗೆದುಕೊಂಡೆ. ಅದೇ ಟರ್ನ್‌ನಲ್ಲಿ (ಆಟದ ಸರದಿಯಲ್ಲಿ) ಅದೇ ಈಸ್ಥೆಟಿಕ್ಸ್ ಕೊಟ್ಟು ಇನ್ನೊಬ್ಬರಿಂದ 250ರ ಮ್ಯಾಥಮ್ಯಾಟಿಕ್ಸ್, ಮತ್ತೊಬ್ಬರಿಂದ 200ರ ಐರನ್ ವರ್ಕಿಂಗ್. ಒಂದು ಸಲ 300 ಖರ್ಚು ಮಾಡಿ 750 ಬೆಲೆಯ ವಿದ್ಯೆ ಬಂತು. ಯಾವ ಲೈಬ್ರರಿ ಇಷ್ಟು ಕೊಡುತ್ತದೆ ಹೇಳಿ!

ಅದೇ ಟರ್ನ್ ಅಂದೆನಲ್ಲ, ಅದನ್ನು ಮರೆಯಬೇಡಿ. ಒಬ್ಬರಿಗೆ ಮಾರಿ "ಉಳಿದವರಿಗೆ ನಾಳೆ ನೋಡೋಣ" ಅಂತ ಎಂಡ್ ಟರ್ನ್ ಒತ್ತಿದರೆ, ಅವರು ನಿಮ್ಮ ಸರಕನ್ನೇ ಪಕ್ಕದವರಿಗೆ ಕೊಟ್ಟುಬಿಟ್ಟಿರುತ್ತಾರೆ. ಮಾನ್ಸಾ ಮೂಸಾ ಅಂತೂ ಯಾರ ಜೊತೆಯಾದರೂ ವ್ಯಾಪಾರಕ್ಕೆ ಸಿದ್ಧ. ನಿಜ ಇತಿಹಾಸದಲ್ಲೂ 1324ರಲ್ಲಿ ಮೆಕ್ಕಾ ಯಾತ್ರೆಗೆ ಹೋದಾಗ ಕೈರೋದಲ್ಲಿ ಕೈಬಿಚ್ಚಿ ಚಿನ್ನ ಕೊಟ್ಟ ದೊರೆ ಅವನು. ನೆರೆಯಲ್ಲಿ ಅವನಿದ್ದರೆ ನನಗೆ ತುಂಬಾ ಖುಷಿ. ಜಪಾನಿನ ಟೊಕುಗಾವಾ ಇದ್ದರೆ ಅಷ್ಟೇ ಬೇಜಾರು, ಗಡಿ ತೆರೆಯಲೂ ಒಪ್ಪುವುದಿಲ್ಲ.

ಮಾರಬಾರದ್ದೂ ಇದೆ. ಆಲ್ಫಾಬೆಟ್ ನಿಮ್ಮೊಬ್ಬರ ಹತ್ತಿರ ಮಾತ್ರ ಇದ್ದರೆ ಗಟ್ಟಿಯಾಗಿ ಹಿಡಿದುಕೊಳ್ಳಿ. ಟೆಕ್ ವಿನಿಮಯದ ಬಾಗಿಲು ತೆರೆಯುವುದೇ ಅದು. ಇಬ್ಬರಲ್ಲಿ ಒಬ್ಬರ ಹತ್ತಿರ ಇದ್ದರೆ ಸಾಕು, ಎಐಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳಲು ಶುರು ಮಾಡುತ್ತವೆ. ಲಿಟರೇಚರ್ ಇದ್ದವರಲ್ಲಿ ಮೊದಲು ಮುಗಿಸಿದವರಿಗಷ್ಟೇ ಸಿಗುವ ಅದ್ಭುತ ಗ್ರೇಟ್ ಲೈಬ್ರರಿ. ಅದನ್ನು ಕಟ್ಟುವ ಆಸೆಯಿದ್ದರೆ ಅದು ಮುಗಿಯುವ ತನಕ ಲಿಟರೇಚರ್ ಕೊಡಬೇಡಿ.

ಹೊಸಬರು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ. ಸಿಕ್ಕಿದ್ದೆಲ್ಲಾ ಬಾಚಿಕೊಳ್ಳುತ್ತಾರೆ. ಮೆಡಿಟೇಶನ್, ಸೇಲಿಂಗ್ ಥರದ ಸಣ್ಣಪುಟ್ಟ ಟೆಕ್ ಕೂಡ ಬಿಡುವುದಿಲ್ಲ. ಆಮೇಲೆ ಒಂದು ದಿನ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ನೀವು ತುಂಬಾ ಮುಂದೆ ಹೋಗುತ್ತಿದ್ದೀರಿ, ನಮಗೆ ಭಯ. ವ್ಯಾಪಾರದಲ್ಲಿ ಎಷ್ಟು ಟೆಕ್ ಪಡೆದಿರಿ ಎಂದು ಆಟ ಎಣಿಸುತ್ತಿರುತ್ತದೆ. ಎಣಿಕೆ ಮಾತ್ರ, ಬೆಲೆ ಅಲ್ಲ. 80 ಬೀಕರಿನ ಮೆಡಿಟೇಶನ್ನೂ ಒಂದೇ, 400ರ ಕರೆನ್ಸಿಯೂ ಒಂದೇ. ಎಷ್ಟಕ್ಕೆ ಬಾಗಿಲು ಹಾಕಬೇಕು ಎನ್ನುವುದು ನಾಯಕನಿಂದ ನಾಯಕನಿಗೆ ಬೇರೆ. ಹಾಗಾಗಿ ಚಿಲ್ಲರೆ ಟೆಕ್‌ಗಳನ್ನು ಸುಮ್ನೆ ನೀವೇ ಓದಿಕೊಳ್ಳಿ. ದೊಡ್ಡದನ್ನು ಕೊಳ್ಳಿ.

ಕೊಳ್ಳಲು ಒಳ್ಳೆಯ ಟೆಕ್ ಯಾವುದೂ ಇಲ್ಲದಾಗ ನಾನು ಹಣ ಕೇಳುತ್ತೇನೆ. ಕರೆನ್ಸಿ ಬಂದ ಮೇಲೆ ಇದು ಸಾಧ್ಯ. ಹಳೆಯ ಟೆಕ್ ಒಂದನ್ನು ಬಡವನಿಗೆ ಕೊಟ್ಟು ಅವನಲ್ಲಿರುವ ಚಿನ್ನವನ್ನೆಲ್ಲಾ ತೆಗೆದುಕೊಂಡರೆ, ಆದಾಯದಲ್ಲಿ ರಿಸರ್ಚ್‌ಗೆ ಎಷ್ಟು ಹೋಗಬೇಕು ಎಂದು ಹೇಳುವ ಸ್ಲೈಡರನ್ನು ಕೆಲವು ಟರ್ನ್ ಶೇ. 100ಕ್ಕೆ ಏರಿಸಿಡಬಹುದು. ನನ್ನ ಪಾಲಿಗೆ ಇದೇ ಆಟದ ಅತ್ಯಂತ ಸಂತೋಷದ ಹೊತ್ತು. ಮಾರುವ ಮುಂಚೆ ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ ಎಂದು ಮಾತ್ರ ನೋಡಿಕೊಳ್ಳಿ. ಬದ್ಧವೈರಿಗೆ ಮಾರಿದ ಕೋಪ ಬೇಗ ಹೋಗುವುದಿಲ್ಲ.

ಟೆಕ್ ಟ್ರೇಡಿಂಗ್ ಆಫ್ ಮಾಡಿ ಆಡುವವರು "ಹಾಗಾದ್ರೆ ನಮಗೆ ಏನೂ ಇಲ್ವಾ?" ಅನ್ನುತ್ತಾರೆ. ಇದೆ, ಟ್ರೇಡ್ ರೂಟ್‌ಗಳಿವೆ, ಅಂದರೆ ಊರು ಊರಿನ ನಡುವಿನ ವ್ಯಾಪಾರದ ದಾರಿಗಳು. ರೈಟಿಂಗ್ ಆದ ತಕ್ಷಣ ಎಲ್ಲರ ಜೊತೆ ಓಪನ್ ಬಾರ್ಡರ್ಸ್ (ಗಡಿ ತೆರೆಯುವ ಒಪ್ಪಂದ) ಮಾಡಿಕೊಳ್ಳಿ. ನಿಮ್ಮದೇ ಊರುಗಳ ನಡುವಿನ ದಾರಿಗಿಂತ ಪರದೇಶದ ಊರಿನ ದಾರಿ ಜಾಸ್ತಿ ಕಾಮರ್ಸ್ (ರಿಸರ್ಚ್‌ಗೂ ಹಣಕ್ಕೂ ಮೂಲವಾದ ಆದಾಯ) ತರುತ್ತದೆ, ಸಮುದ್ರದಾಚೆಯದು ಇನ್ನೂ ಜಾಸ್ತಿ. ಕರೆನ್ಸಿ ಪ್ರತಿ ಊರಿಗೂ ಒಂದು ದಾರಿ ಸೇರಿಸುತ್ತದೆ. ಗ್ರೇಟ್ ಲೈಟ್‌ಹೌಸ್ ಎಂಬ ಅದ್ಭುತ ಕಟ್ಟಿದರೆ ನಿಮ್ಮ ಪ್ರತಿಯೊಂದು ಕರಾವಳಿ ಊರಿಗೂ ಇನ್ನೆರಡು. ದ್ವೀಪಗಳಿರುವ ಮ್ಯಾಪ್ ಬಂದರೆ ನಾನು ಮೊದಲು ಕೈ ಹಾಕುವುದೇ ಅದಕ್ಕೆ.