ಬೇಲಿಯಿಲ್ಲದ ಲ್ಯಾಕ್ಸ್‌ಟನ್

ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ನೋಡುವುದಾದರೆ ನವೆಂಬರ್ ಕೊನೆಯಲ್ಲಿ ನೋಡಿ. ಎ1 ಹೆದ್ದಾರಿಯಲ್ಲಿ ಟಕ್ಸ್‌ಫರ್ಡ್ ಹತ್ತಿರ ತಿರುಗಿಕೊಂಡರೆ ಊರು ಕೆಲವೇ ಮೈಲಿ. ಜೇಡಿಮಣ್ಣಿನ ನೆಲ, ಮಳೆ ಬಿದ್ದಮೇಲೆ ಹೆಜ್ಜೆಹೆಜ್ಜೆಗೂ ಕಾಲು ಹಿಡಿಯುತ್ತದೆ. ಮೊಣಕಾಲುದ್ದದ ರಬ್ಬರ್ ಬೂಟು ಬೇಕೇ ಬೇಕು.

ಇಂಗ್ಲೆಂಡಿನ ಬಹುಪಾಲು ತೆರೆದ ಬಯಲುಗಳು, ಅಂದರೆ ಹಲವು ರೈತರು ಬೇಲಿಯಿಲ್ಲದೆ ಹಂಚಿಕೊಂಡು ಉಳುತ್ತಿದ್ದ ದೊಡ್ಡ ಹೊಲಗಳು, 18–19ನೇ ಶತಮಾನಗಳಲ್ಲಿ ಪಾರ್ಲಿಮೆಂಟಿನ ಕಾಯ್ದೆಗಳಿಂದ ತುಂಡಾಗಿ ಗಿಡಬೇಲಿಯೊಳಗೆ ಸೇರಿದವು. ಇಲ್ಲಿ ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಎಂಬ ಮೂರು ಬಯಲುಗಳು ಇನ್ನೂ ಉಳಿದಿವೆ. ಒಬ್ಬೊಬ್ಬ ರೈತನ ನೆಲ ಉದ್ದುದ್ದ ಪಟ್ಟಿಗಳಾಗಿ ಮೂರರಲ್ಲೂ ಹಂಚಿಹೋಗಿದೆ. ಹಾಗಾಗಿಯೇ ತೋಟದ ಮನೆಗಳು ಹೊಲದಲ್ಲಿಲ್ಲ, ಊರ ಬೀದಿಯಲ್ಲೇ ಸಾಲಾಗಿವೆ. ಒಂದು ಬಯಲಿಗೆ ಈ ವರ್ಷ ಚಳಿಗಾಲದ ಗೋಧಿ, ಮರುವರ್ಷ ವಸಂತದ ಬಿತ್ತನೆ, ಮೂರನೇ ವರ್ಷ ಬೀಳು.

ಪಟ್ಟಿಗಳ ನಡುವೆ ಬದುವಿಲ್ಲ. ಟ್ರ್ಯಾಕ್ಟರ್ ತಿರುಗಿಸುವಾಗ ನೇಗಿಲು ಒಂದು ಸಾಲು ಆಚೆ ಹೋದರೆ ಪಕ್ಕದವನ ನೆಲವೋ ದಾರಿಯೋ ‘ಸೈಕ್’ ಎಂಬ ಹುಲ್ಲುನೆಲವೋ ಸವೆಯುತ್ತದೆ. ಸೈಕ್ ಎಂದರೆ ಇಳಿಜಾರು, ಜೌಗು ಎಂದು ಉಳದೆ ಬಿಟ್ಟ ಹುಲ್ಲಿನ ಪಟ್ಟಿ. ಅದರ ಹುಲ್ಲು ಪ್ರತಿವರ್ಷ ಹರಾಜಾಗುತ್ತದೆ. ಒತ್ತುವರಿ ಒಂದೇ ವರ್ಷದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಅಪಾಯ ಇರುವುದೇ ಅಲ್ಲಿ.

ಅದಕ್ಕೇ ನವೆಂಬರ್ ಕೊನೆಯಲ್ಲಿ ಜ್ಯೂರಿ ದಿನ. ರೈತರೇ ಆದ ಜ್ಯೂರಿಯವರು ಆಗಷ್ಟೇ ಗೋಧಿ ಬಿತ್ತಿದ ಬಯಲನ್ನು ಸುತ್ತುತ್ತಾರೆ. ಗಡಿ ಮಸುಕಾದ ಕಡೆ ಮರದ ಗೂಟ ಹೊಡೆಯುತ್ತಾರೆ. ಗೂಟದ ಪಕ್ಕ ಕುಕ್ಕರಗಾಲಲ್ಲಿ ಕೂತು ಸಾಲಿನುದ್ದಕ್ಕೂ ಕಣ್ಣು ಹಾಯಿಸಿ: ಮೊಳಕೆಯ ಹಸಿರು ಎಲ್ಲಿ ಹುಲ್ಲಿನೊಳಗೆ ನುಗ್ಗಿದೆ ಎಂದು ತಕ್ಷಣ ತಿಳಿಯುತ್ತದೆ. ಚರಂಡಿ ಕಟ್ಟಿಕೊಂಡು ನೀರು ನಿಂತಿದ್ದರೂ ತಪ್ಪೇ. ವಾರದ ನಂತರ ಡವ್‌ಕೋಟ್ ಇನ್ ಪಬ್ಬಿನಲ್ಲಿ ಕೋರ್ಟ್ ಲೀಟ್ ಎಂಬ ಊರಿನ ಹಳೆಯ ನ್ಯಾಯಸಭೆ ಸೇರಿ ದಂಡ ಖಾಯಂ ಮಾಡಿ, ಮುಂದಿನ ವರ್ಷದ ಬಯಲಿಗೆ ಹೊಸ ಜ್ಯೂರಿಯಿಂದ ಪ್ರಮಾಣ ಮಾಡಿಸುತ್ತದೆ. ದಂಡ ಸಣ್ಣದು. ಆದರೆ ಅದನ್ನು ಹಾಕುವವರು ದಿನಾ ಮುಖ ನೋಡುವ ನೆರೆಯವರು, ಪೆಟ್ಟು ತಾಗುವುದು ಅದರಿಂದ.

1635ರಲ್ಲಿ ಮಾರ್ಕ್ ಪಿಯರ್ಸ್ ಈ ಊರಿನ ಪಟ್ಟಿಪಟ್ಟಿಯನ್ನೂ ನಕ್ಷೆಗಿಳಿಸಿದ. ಅದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಜಮೀನು 1952ರಲ್ಲಿ ಕೃಷಿ ಸಚಿವಾಲಯಕ್ಕೆ, 1981ರಲ್ಲಿ ರಾಜಮನೆತನದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ, 2020ರಲ್ಲಿ ಖಾಸಗಿ ಜಮೀನ್ದಾರಿಯಾದ ಥೋರ್ಸ್‌ಬಿ ಎಸ್ಟೇಟ್‌ಗೆ ಹೋಯಿತು. ಒಡೆತನ ಬದಲಾದದ್ದಕ್ಕಿಂತ ಉಳುವವರ ಸಂಖ್ಯೆ ಇಳಿಯುವುದೇ ನನ್ನ ಚಿಂತೆ: ಜ್ಯೂರಿಗೆ ಹೊಲ ಬಲ್ಲವರೇ ಬೇಕು.